ಅಜ್ಜಿ ಪಕ್ಕ ಕೂತು ಬರೆದದ್ದು ಸಂಶೋಧನೆ ಆಗುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಬಿ.ವಿ.ಎ. (ದೃಶ್ಯಕಲೆಯ ಪದವಿ) ಮುಗಿಸಿ ಎಂಟು ವರ್ಷ ಆಯಿತು. ನಾವು ಮಲೆನಾಡಿನ ದೀವರ ಸಮುದಾಯದವರು. ನಮ್ಮಜ್ಜಿ ಈಗಲೂ ಮದುವೆ ಮನೆಗಳ ಹಸೆಗೋಡೆಗೆ ಚಿತ್ತಾರ ಬರೆಯುತ್ತಾರೆ. ಆರು ವರ್ಷದಿಂದ ನಾನೂ ಅವರ ಪಕ್ಕ ಕೂತು ಬರೆಯುತ್ತಿದ್ದೇನೆ. ಗಂಡುಹುಡುಗನಿಗೆ ಇದೇಕೆ ಅಂತ ಮೊದಮೊದಲು ಊರಲ್ಲಿ ನಕ್ಕರು. ಈಗ ಯಾರೂ ಏನೂ ಅನ್ನುವುದಿಲ್ಲ. ಈ ಕೆಲಸವನ್ನೇ ಇಟ್ಟುಕೊಂಡು ಪಿಎಚ್.ಡಿ. ಮಾಡಬೇಕು ಅಂತ ಆಸೆ. ಒಂದು ಕಡೆ ವಿಚಾರಿಸಿದೆ. ‘ಚಿತ್ತಾರದ ಇತಿಹಾಸ ಬರೆಯಿರಿ, ನಿಮ್ಮ ಚಿತ್ರಗಳ ಫೋಟೊ ಕೊನೆಯಲ್ಲಿ ಹಾಕಬಹುದು’ ಅಂದರು. ಇತಿಹಾಸ ಬರೆಯುವವರು ಬೇರೆ ಇದ್ದಾರೆ. ನನಗೆ ಚಿತ್ತಾರ ಬರೆಯಬೇಕು. ‘ಪ್ರಾಕ್ಟೀಸ್ ಬೇಸ್ಡ್ ರಿಸರ್ಚ್’ ಅಂತ ಒಂದಿದೆಯಂತೆ. ಅದೇನು? ನಾನು ಮಾಡುತ್ತಿರುವುದು ಅದೇನಾ? ಅದಕ್ಕೆ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಬೇಕೇ ಬೇಕಾ?
— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ‘ಬರೆಯುವುದು’ ಅನ್ನುವ ಮಾತು ಎಷ್ಟು ಸಲ ಬಂದಿದೆ ನೋಡಿ. ಅವರು ಇತಿಹಾಸ ಬರೆಯಿರಿ ಅಂದರು, ನೀವು ಚಿತ್ತಾರ ಬರೆಯಬೇಕು ಅಂದಿರಿ. ನಮ್ಮಲ್ಲಿ ಎರಡಕ್ಕೂ ಒಂದೇ ಪದ. ಅಜ್ಜಿ ಗೋಡೆ ಮೇಲೆ ಮಾಡುವುದೂ ಬರೆಯುವುದೇ, ನೀವು ನನಗೆ ಪತ್ರದಲ್ಲಿ ಮಾಡಿದ್ದೂ ಬರೆಯುವುದೇ. ವಿಶ್ವವಿದ್ಯಾಲಯಗಳು ಈ ಎರಡನ್ನು ಬೇರೆ ಮಾಡಿ, ಒಂದಕ್ಕೆ ಮಾತ್ರ ಡಾಕ್ಟರೇಟ್ ಕೊಡುತ್ತಾ ಬಂದವು. ಎರಡನ್ನೂ ಮತ್ತೆ ಒಂದೇ ಮೇಜಿನ ಮೇಲೆ ತರುವ ದಾರಿಗೆ ಪ್ರಾಕ್ಟೀಸ್ ಬೇಸ್ಡ್ ರಿಸರ್ಚ್ ಅನ್ನುತ್ತಾರೆ. ಮಾಡುತ್ತಾ ಮಾಡುತ್ತಾ ಹುಡುಕುವುದು, ಹುಡುಕಿ ಸಿಕ್ಕಿದ್ದನ್ನು ಮಾಡಿದ ಕೆಲಸದಲ್ಲೇ ತೋರಿಸುವುದು.

ಬ್ರಿಟನ್ನಿನಲ್ಲಿ 1992ರಲ್ಲಿ ಪಾಲಿಟೆಕ್ನಿಕ್‌ಗಳೆಲ್ಲ ವಿಶ್ವವಿದ್ಯಾಲಯಗಳಾದವು. ಅಲ್ಲಿನ ಎಷ್ಟೋ ಆರ್ಟ್ ಸ್ಕೂಲುಗಳು ಆ ಹೊತ್ತಿಗೆ ಪಾಲಿಟೆಕ್ನಿಕ್‌ಗಳ ಒಳಗೇ ಇದ್ದವು. ಹಾಗಾಗಿ ಕಲಾವಿದರೂ ಸಂಶೋಧನೆಯ ಲೆಕ್ಕ ಕೊಡಬೇಕಾಯಿತು. ಮರುವರ್ಷ, 1993ರಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್ ಒಂದು ಪುಟ್ಟ ಪ್ರಬಂಧದಲ್ಲಿ ಮೂರು ಬಗೆ ಹೇಳಿದರು. ನಿಮ್ಮ ಅಜ್ಜಿಯ ಗೋಡೆಗೇ ಹಚ್ಚಿ ಹೇಳುತ್ತೇನೆ. ಚಿತ್ತಾರ ಎಲ್ಲಿಂದ ಬಂತು, ಯಾವ ಯಾವ ಊರಲ್ಲಿ ಹೇಗಿದೆ ಅಂತ ಬರೆದರೆ ಅದು ಕಲೆಯ ಕುರಿತ ಸಂಶೋಧನೆ. ಚಿತ್ತಾರ ಬರೆಯುತ್ತಲೇ, ಬರೆಯದೆ ಇದ್ದರೆ ತಿಳಿಯಲಾಗದ ಒಂದನ್ನು ತಿಳಿದುಕೊಂಡರೆ ಅದು ಕಲೆಯ ಮೂಲಕ ಸಂಶೋಧನೆ. ಮೂರನೆಯದು ಕಲೆಗಾಗಿ ಮಾಡುವ ಸಂಶೋಧನೆ. ಅಲ್ಲಿ ಹುಡುಕಾಟವೆಲ್ಲ ಕೃತಿಯೊಳಗೆ ಇಳಿದುಬಿಡುತ್ತದೆ, ಹೊರಗೆ ಮಾತಿನಲ್ಲಿ ಉಳಿಯುವುದಿಲ್ಲ. ನಿಮಗೆ ಹೇಳಿದ್ದು ಮೊದಲನೆಯದನ್ನು. ನಿಮಗೆ ಬೇಕಾಗಿರುವುದು ಎರಡನೆಯದು.

ಆದರೆ ಆರು ವರ್ಷ ಪಕ್ಕ ಕೂತು ಬರೆದದ್ದು ಅಷ್ಟಕ್ಕೇ ಸಂಶೋಧನೆ ಆಗುವುದಿಲ್ಲ. ಅದು ಕಲಿಕೆ. ತುಂಬಾ ದೊಡ್ಡ ಕಲಿಕೆ. ಅದರೊಳಗಿಂದ ಒಂದು ಪ್ರಶ್ನೆ ಎದ್ದು, ಆ ಪ್ರಶ್ನೆ ನಿಮ್ಮ ಕೈಯನ್ನು ಬೇರೆ ಥರ ನಡೆಸಲು ಶುರು ಮಾಡಿದ ದಿನದಿಂದ ಅದು ಸಂಶೋಧನೆ. ಇದು ನನಗೆ ಹೇಗೆ ತಿಳಿಯಿತು ಅಂತ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನು ಕುಮಟಾ ಕಡೆಯವಳು. ಅಲ್ಲಿನ ಹಳೆಯ ದೇವಸ್ಥಾನದ ಗೋಡೆಗಳಲ್ಲಿ ಕಾವಿ ಕಲೆ ಇದೆ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಂಪು ಮಣ್ಣಿನ ಪದರ. ಅದು ಒಣಗುವ ಮೊದಲೇ ಚೂಪಾದ ಉಪಕರಣದಿಂದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಬಿಳಿ ಕಾಣುತ್ತದೆ. ಚಿತ್ರ ಹುಟ್ಟುವುದೇ ಕಳೆಯುವುದರಿಂದ. ನಾನು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಡಿಗ್ರಿ ಮಾಡಿ, ಬರೋಡಾದಲ್ಲಿ ಪ್ರಿಂಟ್‌ಮೇಕಿಂಗ್ ಎಂ.ವಿ.ಎ. ಮಾಡುವಾಗ ನನಗೊಂದು ಹಟ ಬಂತು. ಅಂಗಡಿಯ ಡಬ್ಬಿ ಇಂಕ್ ಬೇಡ, ಊರಿನ ಕೆಮ್ಮಣ್ಣಿನಿಂದಲೇ ಇಂಕ್ ಮಾಡಿ ಎಚ್ಚಿಂಗ್ (ಆಸಿಡ್‌ನಿಂದ ಗೆರೆ ಕೊರೆದ ಲೋಹದ ತಟ್ಟೆಯ ಅಚ್ಚು) ತೆಗೆಯಬೇಕು ಅಂತ.

ರಜೆಗೆ ಬಂದಾಗ ಮನೆ ಹಿಂದಿನ ಧರೆಯಿಂದ ಮಣ್ಣು ತಂದೆ. ಕುಟ್ಟಿ, ನೀರಲ್ಲಿ ಕದಡಿ, ಒಂದು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿದೆ. ತಳದಲ್ಲಿ ಕೂತ ಗಸಿ ಚೆಲ್ಲಿದೆ. ಬಗ್ಗಿಸಿದ ನೀರು ಒಣಗಿದ ಮೇಲೆ ಪಾತ್ರೆಯಲ್ಲಿ ಉಳಿದ ಪುಡಿ ಬೆರಳಿಗೆ ಕುಂಕುಮದಷ್ಟು ನುಣ್ಣಗಿತ್ತು. ಅದಕ್ಕೆ ಅಗಸೆ ಎಣ್ಣೆ ಹಾಕಿ ಗಾಜಿನ ಮೇಲೆ ಅರೆದೆ. ತಾಮ್ರದ ತಟ್ಟೆಗೆ ತುಂಬಿ, ಬಟ್ಟೆಯಿಂದ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿಗೆ ಕೊಟ್ಟೆ. ಮೊದಲ ಪ್ರಿಂಟ್ ನೋಡಿ ಕಣ್ಣಲ್ಲಿ ನೀರು ಬಂತು. ನಮ್ಮೂರಿನ ಕೆಂಪೇ ಅದು.

ಏಳನೇ ಪ್ರಿಂಟಿಗೆ ಸಣ್ಣ ಗೆರೆಗಳು ಮಂಕಾದವು. ಇಪ್ಪತ್ತು ದಾಟುವ ಹೊತ್ತಿಗೆ ಅವು ಮಾಯ. ಇಂಕ್ ಕಡಿಮೆ ತುಂಬಿದೆನಾ, ಒತ್ತಡ ಸಾಲದಾ ಅಂತ ಎಲ್ಲ ಬದಲಿಸಿ ನೋಡಿದೆ. ಕೊನೆಗೆ ತಟ್ಟೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದೆ. ಮೈಯೆಲ್ಲ ಕೂದಲೆಳೆಯಂಥ ಗೀರು. ಕೈಗೆ ತಿಳಿಯದಷ್ಟು ಸಣ್ಣ ಮರಳು ಆ ಪುಡಿಯಲ್ಲಿ ಇನ್ನೂ ಇತ್ತು. ಪ್ರತಿ ಸಲ ಒರೆಸುವಾಗಲೂ ಅದು ತಾಮ್ರವನ್ನು ಉಜ್ಜುತ್ತಿತ್ತು. ನನ್ನ ಚಿತ್ರವನ್ನು ಅದರ ಬಣ್ಣವೇ ತಿನ್ನುತ್ತಿತ್ತು.

ತಿಂಗಳುಗಟ್ಟಲೆ ಇದನ್ನು ತಪ್ಪು ಅಂತಲೇ ತಿಳಿದೆ. ಮಣ್ಣನ್ನು ಇನ್ನಷ್ಟು ತೊಳೆದೆ. ಒಂದು ದಿನ ಗೋಡೆಗೆ ಸಾಲಾಗಿ ಆ ಇಪ್ಪತ್ತು ಪ್ರಿಂಟ್ ಅಂಟಿಸಿ ನೋಡುವಾಗ ದೇವಸ್ಥಾನದ ಗೋಡೆ ನೆನಪಾಯಿತು. ಅಲ್ಲಿ ಕೆರೆದಾಗ ಚಿತ್ರ ಬರುತ್ತದೆ, ಇಲ್ಲಿ ಕೆರೆದಾಗ ಚಿತ್ರ ಹೋಗುತ್ತದೆ. ಎರಡೂ ಕಡೆ ಅದೇ ಮಣ್ಣು. ಆಗ ಪ್ರಶ್ನೆ ಬಂತು: ಈ ಮಣ್ಣನ್ನು ಎಷ್ಟು ಸಲ ತೊಳೆದರೆ ಚಿತ್ರ ಎಷ್ಟು ದಿನ ಬದುಕುತ್ತದೆ? ಅದನ್ನು ತೀರ್ಮಾನ ಮಾಡುವವರು ಯಾರು, ನಾನಾ, ಮಣ್ಣಾ? ಈ ಪ್ರಶ್ನೆ ಲೈಬ್ರರಿಯಲ್ಲಿ ಕೂತು ಬರುತ್ತಿರಲಿಲ್ಲ.

ಇದನ್ನು ಹಿಡಿದುಕೊಂಡು ನಮ್ಮ ದೇಶದ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ಸಂದರ್ಶನದಲ್ಲಿ ‘ಚಿತ್ರ ಚೆನ್ನಾಗಿದೆ, ಸಂಶೋಧನೆ ಎಲ್ಲಿ?’ ಅಂತ ಕೇಳಿದರು. ಪ್ರಿಂಟುಗಳನ್ನು ಮೇಜಿನ ಮೇಲೆ ಹರಡುತ್ತೇನೆ ಅಂದರೂ ಬೇಡ ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಅತ್ತಿದ್ದೇನೆ. ಎರಡು ವರ್ಷದ ಮೇಲೆ ಇಂಗ್ಲೆಂಡಿನ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಜಾಗ ಸಿಕ್ಕಿತು. ಅಲ್ಲಿ ನಾಲ್ಕು ವರ್ಷ ಮಾಡಿದ್ದು ಇಷ್ಟೇ: ಎರಡು ಸಲ, ಐದು ಸಲ, ಒಂಬತ್ತು ಸಲ ತೊಳೆದ ಮಣ್ಣಿನಿಂದ ಬೇರೆ ಬೇರೆ ಇಂಕ್, ಒಂದೇ ಥರದ ಮೂರು ತಟ್ಟೆ, ಒಂದೊಂದರಿಂದ ನಲವತ್ತೆಂಟು ಪ್ರಿಂಟ್. ಒಂದರ ಪಕ್ಕ ಒಂದು ತೂಗಿಸಿದೆ. ಸಾಲಿನುದ್ದಕ್ಕೂ ನಡೆದುಹೋದರೆ ನಾನು ಏನು ಕಂಡುಕೊಂಡೆ ಅಂತ ಕಾಣುತ್ತದೆ. ಪ್ರಬಂಧದಲ್ಲಿ ಇದ್ದದ್ದು ಆ ನಡಿಗೆಗೆ ಬೇಕಾದ ಮಾತು.

ಈಗ ನಿಮ್ಮ ವಿಷಯ. ಅಜ್ಜಿ ಅಕ್ಕಿ ನೆನೆಸಿ ಅರೆದು ಬಿಳಿ ಮಾಡುತ್ತಾರೆ, ಹುರಿದು ಕರಕಲು ಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ, ಕೆಮ್ಮಣ್ಣಿನ ಗೋಡೆ. ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯುತ್ತಾರೆ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ. ಅಲ್ವಾ? ನೀವು ಬಿ.ವಿ.ಎ.ಯಲ್ಲಿ ಸ್ಕೇಲು ಹಿಡಿದು ಕಲಿತವರು. ಅವರ ಎಳೆಗೂ ನಿಮ್ಮ ಎಳೆಗೂ ಎಲ್ಲಿ ವ್ಯತ್ಯಾಸ ಬರುತ್ತದೆ? ನಾರಿನಲ್ಲಿ ಹಿಟ್ಟು ಮುಗಿಯುವ ಜಾಗದಲ್ಲಾ, ಉಸಿರು ಬಿಡುವ ಜಾಗದಲ್ಲಾ, ಮೂಲೆ ತಿರುಗುವಾಗಲಾ? ಅದೇ ಎಳೆಯನ್ನು ನೆಲದ ಮೇಲೆ ಕೂತು ಕಾಗದದಲ್ಲಿ ಬರೆದಾಗ ಏನು ಕಳೆಯುತ್ತದೆ? ಭೂಮಿ ಹುಣ್ಣಿಮೆ ಹಬ್ಬಕ್ಕೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವಾಗ ಅದೇ ಕೈ ಬುಟ್ಟಿಯ ಬಾಗಿದ ಮೈ ಮೇಲೆ ಹೇಗೆ ನಡೆಯುತ್ತದೆ? ಇವುಗಳಲ್ಲಿ ಯಾವುದನ್ನೂ ಸುಮ್ನೆ ತೆಗೆದುಕೊಳ್ಳಬೇಡಿ. ಇವು ನನಗೆ ಹೊಳೆದವು. ನಿಮ್ಮ ಕೈಗೆ ಎಡವಿದ್ದು ಯಾವುದು ಅಂತ ಹುಡುಕಿ. ಆರು ವರ್ಷದಲ್ಲಿ ಅಜ್ಜಿ ನಿಮ್ಮ ಕೈ ಹಿಡಿದು ತಿದ್ದಿದ ಜಾಗ ಒಂದಾದರೂ ಇರುತ್ತದೆ. ಅಲ್ಲಿಂದ ಶುರು ಮಾಡಿ.

ಇವತ್ತೇ ಒಂದು ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ. ತಾರೀಖು, ಗೋಡೆ ಯಾವುದು, ಮಳೆ ಇತ್ತಾ, ಹಿಟ್ಟು ಎಷ್ಟು ಗಟ್ಟಿ, ಯಾವ ಎಳೆ ಕೆಟ್ಟಿತು, ಅಜ್ಜಿ ಏನಂದರು. ಅವರು ಅಂದದ್ದನ್ನು ಅವರ ಮಾತಲ್ಲೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮೈಕಲ್ ಪೊಲಾನ್ಯಿ ಅನ್ನುವ ಚಿಂತಕ 1966ರಲ್ಲಿ ಒಂದು ಮಾತು ಹೇಳಿದ್ದರು: ನಮಗೆ ಹೇಳಲು ಬರುವುದಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ಅಜ್ಜಿಗೆ ಹಾಗೆ ಗೊತ್ತಿರುವುದು ತುಂಬಾ ಇದೆ. ಅವರು ‘ಏಯ್, ಹಾಂಗಲ್ಲ’ ಅಂದ ಕ್ಷಣದಲ್ಲಿ ಅದು ಒಂಚೂರು ಹೊರಗೆ ಬರುತ್ತದೆ. ಅದನ್ನು ಹಿಡಿದಿಡುವವರು ನೀವೊಬ್ಬರೇ.

ಒಂದು ಮಾತನ್ನು ಒತ್ತಿ ಹೇಳಬೇಕು. ಅಜ್ಜಿಯ ವಿದ್ಯೆ ಅಜ್ಜಿಯದು. ಅವರಿಗೆ ಎಲ್ಲ ಬಿಡಿಸಿ ಹೇಳಿ, ಒಪ್ಪಿಗೆ ಕೇಳಿ. ಪ್ರಬಂಧದಲ್ಲಿ, ಪ್ರದರ್ಶನದಲ್ಲಿ, ಫೋಟೊದ ಕೆಳಗೆ ಅವರ ಹೆಸರು ಪೂರ್ತಿ ಇರಲಿ. ‘ಒಬ್ಬ ಗ್ರಾಮೀಣ ಮಹಿಳೆ’ ಅಂತ ಬರೆದ ಪ್ರಬಂಧಗಳನ್ನು ಓದಿ ನನಗೆ ಸಿಟ್ಟು ಬಂದಿದೆ. ನೀವು ಮನೆಯವರೇ ಆಗಿರುವುದರಿಂದ ನಿಮ್ಮ ಹೊಣೆ ಜಾಸ್ತಿ.

ಎಂ.ವಿ.ಎ. ಬೇಕಾ ಅಂದಿರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಅಂಕ ಇದ್ದರೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಆದರೂ ಎರಡು ವರ್ಷದ ಎಂ.ವಿ.ಎ. ಮಾಡಿ ಅನ್ನುತ್ತೇನೆ. ನಿಮ್ಮ ಕೆಲಸವನ್ನು ದಿನಾ ನೋಡಿ ಪ್ರಶ್ನೆ ಮಾಡುವ ಓರಗೆಯವರು ಸಿಗುತ್ತಾರೆ, ಸ್ಟುಡಿಯೊ ಸಿಗುತ್ತದೆ. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಹೊರಗೆ ಹೋಗುವುದಾದರೆ ಬರೋಡಾ, ಶಾಂತಿನಿಕೇತನ, ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಪಿಎಚ್.ಡಿ.ಗೆ ಹೋಗುವಾಗ ಮಾತ್ರ ಮೊದಲೇ ಲಿಖಿತವಾಗಿ ಕೇಳಿ: ಕೃತಿಗಳನ್ನೂ ಪ್ರಬಂಧದ ಜೊತೆ ಪರೀಕ್ಷೆಗೆ ಒಪ್ಪುತ್ತೀರಾ? ಪರೀಕ್ಷಕರು ಪ್ರದರ್ಶನ ನೋಡಲು ಬರುತ್ತಾರಾ? ಮಾರ್ಗದರ್ಶಕರು ಸ್ವತಃ ಕಲಾವಿದರಾ? ಮೂರಕ್ಕೂ ಹೌದು ಅನ್ನುವ ಕಡೆ ಹೋಗಿ.

ಸಂಬಳದ ಕೆಲಸ ಬಿಡಬೇಕಲ್ಲ ಅಂತ ನಿಮಗೆ ಅನಿಸುತ್ತಿರಬಹುದು. ತಕ್ಷಣ ಬಿಡಬೇಡಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ‘ಕಲಿ-ಕಲಿಸು’ ಯೋಜನೆ ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಅನುದಾನ ಕೊಡುತ್ತದೆ. ನಿಮ್ಮ ಶಾಲೆಯ ಮಕ್ಕಳ ಜೊತೆ ಅಜ್ಜಿಯನ್ನು ಕೂರಿಸಿ ಒಂದು ವರ್ಷ ಕೆಲಸ ಮಾಡಿ ನೋಡಿ. ಪ್ರಶ್ನೆ ಗಟ್ಟಿಯಾಗುತ್ತದೆ. ನಿಮ್ಮ ಜಿಲ್ಲೆಯವರೇ ಆದ ಕಲಾವಿದೆ ಶೀಲಾ ಗೌಡರ ಕೆಲಸವನ್ನೂ ನೋಡಿ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಸ್ಕೂಲ್, ಶಾಂತಿನಿಕೇತನ, ರಾಯಲ್ ಕಾಲೇಜ್ ಎಲ್ಲ ಕಡೆ ಪೇಂಟಿಂಗ್ ಕಲಿತವರು. ತೊಂಬತ್ತರ ದಶಕದಲ್ಲಿ ಸಗಣಿ ಹಿಡಿದರು, ಆಮೇಲೆ ದಾರ, ಸೂಜಿ, ಕುಂಕುಮ. ವಸ್ತುವನ್ನು ಕೈಯಲ್ಲಿ ಹಿಡಿದು ಯೋಚನೆ ಮಾಡುವುದು ಅಂದರೇನು ಅಂತ ಅವರ ಕೆಲಸದ ಮುಂದೆ ನಿಂತಾಗ ತಿಳಿಯುತ್ತದೆ.

ಪ್ರಶ್ನೆ: ಮಗಳು ಪೇಂಟಿಂಗ್‌ನಲ್ಲಿ ಎಂ.ವಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಇನ್ನು ಚಿತ್ರ ಮಾಡಿಕೊಂಡೇ ಪಿಎಚ್.ಡಿ. ಮಾಡುತ್ತೇನೆ ಅನ್ನುತ್ತಾಳೆ. ನಾನು ಕಾಳಿನ ವ್ಯಾಪಾರದವನು, ಇದೆಲ್ಲ ತಿಳಿಯುವುದಿಲ್ಲ. ಎಷ್ಟು ವರ್ಷ ಹಿಡಿಯುತ್ತದೆ, ಮುಂದೆ ಜೀವನಕ್ಕೆ ದಾರಿ ಇದೆಯಾ?
— ತಂದೆ, ಗದಗ

ಉತ್ತರ: ಸರ್, ತಿಳಿಯುವುದಿಲ್ಲ ಅಂತ ಸುಮ್ಮನಿರದೆ ಪತ್ರ ಬರೆದು ಕೇಳಿದಿರಲ್ಲ, ನಿಮ್ಮ ಮಗಳು ಪುಣ್ಯ ಮಾಡಿದ್ದಾಳೆ. ಪಿಎಚ್.ಡಿ.ಗೆ ಕಡಿಮೆ ಅಂದರೆ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದ ಮಿತಿ. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷದ ರಿಯಾಯಿತಿ ಇದೆ, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ಮದುವೆ ಮಾತು ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ, ಓದು ಬಿಡಿಸುವ ಕಾರಣವೇ ಇಲ್ಲ.

ಈಗಲೇ ಅವಳು ಎನ್‌ಇಟಿ (ನೆಟ್, ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪರೀಕ್ಷೆಗೆ ಕೂರಲಿ, ವಿಷುಯಲ್ ಆರ್ಟ್ ಅಂತ ಪ್ರತ್ಯೇಕ ವಿಷಯವೇ ಇದೆ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ, 2023ರಲ್ಲಿ ಏರಿಸಿದ ಲೆಕ್ಕದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ನಿಮ್ಮ ಮೇಲೆ ಭಾರ ಬೀಳುವುದಿಲ್ಲ. ಜೆಆರ್‌ಎಫ್ ಬರದೆ ಬರೀ ಎನ್‌ಇಟಿ ಆದರೂ, ಎಂ.ವಿ.ಎ.ಯಲ್ಲಿ ಶೇ. 55 ಇದ್ದರೆ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ. ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಎಷ್ಟೋ ಜನ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುತ್ತಾರೆ.

ಹೊತ್ತಿದ್ದಾಗ ಒಂದು ದಿನ ಅವಳ ಸ್ಟುಡಿಯೊಗೆ ಹೋಗಿ. ‘ಇದು ಏನು’ ಅಂತ ಕೇಳಬೇಡಿ, ‘ಇದನ್ನು ಹೇಗೆ ಮಾಡಿದೆ’ ಅಂತ ಕೇಳಿ. ಕಾಳನ್ನು ಅಂಗೈಗೆ ಹಾಕಿಕೊಂಡು ಹೊಸದಾ ಹಳೆಯದಾ ಅಂತ ನೀವು ಹೇಳಬಲ್ಲಿರಿ. ಅವಳು ಹೇಳುವುದು ನಿಮಗೆ ಅರ್ಥ ಆಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಮಂಗಳೂರಿನವಳು, ಈಗ ಬ್ರಿಟನ್ನಿನಲ್ಲಿ ಪ್ರಾಕ್ಟೀಸ್ ಪಿಎಚ್.ಡಿ. ಎರಡನೇ ವರ್ಷ. ಸೆರಾಮಿಕ್ಸ್. ಕೈಕೆಲಸ ಚೆನ್ನಾಗಿ ಸಾಗಿದೆ. ಬರವಣಿಗೆಗೆ ಕೂತರೆ ಕ್ಯಾಟಲಾಗ್ ಥರ ಆಗುತ್ತದೆ ಅಂತ ಗೈಡ್ ಅನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.
— ಓದುಗಿ

ಉತ್ತರ: ತಂಗಿ, ಮೊದಲು ನಿದ್ದೆ ಮಾಡು. ಅಲ್ಲಿ ಪ್ರಾಕ್ಟೀಸ್ ಪಿಎಚ್.ಡಿ.ಗೆ ಸಾಮಾನ್ಯವಾಗಿ ಮೂವತ್ತರಿಂದ ನಲವತ್ತು ಸಾವಿರ ಪದ ಕೇಳುತ್ತಾರೆ, ಮಾಮೂಲಿ ಪಿಎಚ್.ಡಿ.ಯ ಸುಮಾರು ಅರ್ಧ. ಉಳಿದ ಅರ್ಧ ನಿನ್ನ ಮಡಕೆಗಳೇ.

ಕ್ಯಾಟಲಾಗ್ ಥರ ಆಗುವುದು ಯಾಕೆ ಅಂದರೆ ನೀನು ಮುಗಿದ ಮಡಕೆಯ ಬಗ್ಗೆ ಬರೆಯುತ್ತಿದ್ದೀಯ. ಒಡೆದದ್ದರ ಬಗ್ಗೆ ಬರಿ. ಸುಡುವ ಗೂಡಿನಿಂದ ತೆಗೆದಾಗ ಬಿರುಕು ಬಿಟ್ಟದ್ದು ಯಾವುದು, ಆಮೇಲೆ ಏನು ಬದಲಿಸಿದೆ, ಬದಲಿಸುವಾಗ ಏನು ಅಂದುಕೊಂಡೆ, ಆದದ್ದು ಏನು. ಆದ ಕ್ರಮದಲ್ಲೇ ಬರೆ.

ಇನ್ನೊಂದು, ಸ್ಟುಡಿಯೊ ಟಿಪ್ಪಣಿಯನ್ನು ಕನ್ನಡದಲ್ಲೋ ತುಳುವಿನಲ್ಲೋ ಬರಿ. ಮೊದಲ ವರ್ಷ ನಾನು ಇಂಗ್ಲಿಷಿನಲ್ಲಿ ಬರೆದೆ, ಎಲ್ಲ ಸಪ್ಪೆ. ಮಣ್ಣು ತೊಳೆದಾಗ ತಳದಲ್ಲಿ ಕೂರುತ್ತಿತ್ತಲ್ಲ, ಅದಕ್ಕೆ ಸೆಡಿಮೆಂಟ್ ಅಂತ ಬರೆಯುತ್ತಿದ್ದೆ. ಒಂದು ದಿನ ಕನ್ನಡದಲ್ಲಿ ‘ಗಸಿ’ ಅಂತ ಬರೆದೆ. ಬರೆದ ಕೂಡಲೇ ಅಮ್ಮ ಕಷಾಯ ಬಗ್ಗಿಸುವುದು ನೆನಪಾಯಿತು. ಪಾತ್ರೆ ಅಲ್ಲಾಡಿಸದೆ, ಉಸಿರು ಹಿಡಿದು, ಕೊನೆಯ ಗುಟುಕನ್ನು ತಳದಲ್ಲೇ ಬಿಡುವುದು. ನಾನು ಬಗ್ಗಿಸುತ್ತಿದ್ದದ್ದು ಅಮ್ಮನ ಕೈಯಿಂದ! ಕೊನೆಯ ಗುಟುಕು ಬಿಡುತ್ತೀನಾ, ಬಗ್ಗಿಸುತ್ತೀನಾ ಅನ್ನುವುದರ ಮೇಲೆ ತಟ್ಟೆಯ ಆಯುಷ್ಯ ನಿಂತಿತ್ತು. ಅದು ಒಂದು ಇಡೀ ಅಧ್ಯಾಯ ಆಯಿತು. ‘ಗಸಿ’ ಅನ್ನುವ ಪದವನ್ನು ಇಂಗ್ಲಿಷ್ ಪ್ರಬಂಧದಲ್ಲಿ ಹಾಗೇ ಇಟ್ಟೆ. ಪರೀಕ್ಷಕರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅದನ್ನೇ ಮೂರು ಸಲ ಉಚ್ಚರಿಸಿ ಸರಿ ಮಾಡಿಕೊಂಡರು.

ವೈವಾ ದಿನ ಮುಗಿದ ಮಡಕೆಗಳನ್ನು ಪೆಡೆಸ್ಟಲ್ ಮೇಲೆ ಇಡು. ಅದರ ಪಕ್ಕದ ಮೇಜಿನ ಮೇಲೆ ಬಿರುಕು ಬಿಟ್ಟದ್ದು, ಗ್ಲೇಜ್ ಹರಿದು ತಳಕ್ಕೆ ಅಂಟಿದ್ದು, ಪರೀಕ್ಷೆಗೆ ಸುಟ್ಟ ಬಿಲ್ಲೆಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸು. ಮುಟ್ಟಿ ನೋಡಲು ಬಿಡು. ನಾನು ಸವೆದ ತಟ್ಟೆಗಳನ್ನು ಕಿಟಕಿ ಹತ್ತಿರ ಇಟ್ಟಿದ್ದೆ. ಪರೀಕ್ಷಕರಲ್ಲಿ ಒಬ್ಬರು ಒಂದನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದು, ತುಂಬಾ ಹೊತ್ತು ಏನೂ ಮಾತಾಡದೆ ಆ ಗೀರುಗಳನ್ನೇ ನೋಡುತ್ತಿದ್ದರು.